ಉಪ್ಪುನೀರಿನ ಕೊಪ್ಪರಿಗೆಗೆ ಯಾವ ಬೆಸುಗೆ? ಶಿವಮೊಗ್ಗದ ಒಂದು ವರ್ಕ್‌ಶಾಪಿನ ಕೆಲಸ

ಶಿವಮೊಗ್ಗದ ಸಾಗರ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೆಲಸವನ್ನಷ್ಟೇ ಹಿಡಿಯುವ ಸಣ್ಣ ವರ್ಕ್‌ಶಾಪ್ ಒಂದಿದೆ. ಹೊಸನಗರ ತಾಲ್ಲೂಕಿನಲ್ಲಿ ನನ್ನ ತಂಗಿ ಅಪ್ಪೆಮಿಡಿ ಉಪ್ಪಿನಕಾಯಿ ಘಟಕ ನಡೆಸುತ್ತಾಳೆ. ಅವಳಿಗೆ ಉಪ್ಪುನೀರು ಕುದಿಸಲು ಇನ್ನೂರು ಲೀಟರಿನ ಕೊಪ್ಪರಿಗೆ, ಮಿಡಿ ತೊಳೆಯುವ ತೊಟ್ಟಿ, ಖಾರ ಕಲಸುವ ಮೇಜು ಇವಿಷ್ಟನ್ನು ಅಲ್ಲಿ ಮಾಡಿಸಿದೆವು. ದರ ಹೆಚ್ಚು. ಹೇಳಿದ ದಿನಕ್ಕೆ ಕೈಗೆ ಬರಲಿಲ್ಲ. ಆದರೂ ಉಪ್ಪು, ಹುಳಿ ತಾಗುವ ಪಾತ್ರೆ ಮಾಡಿಸುವವರು ಯಾರು ಕೇಳಿದರೂ ನಾನು ಈ ಅಂಗಡಿಯನ್ನೇ ತೋರಿಸುತ್ತೇನೆ. ಮಲೆನಾಡಿನ ಊರೂರಿನಲ್ಲಿ ಈಗ ಉಪ್ಪಿನಕಾಯಿ, ಹಪ್ಪಳ, ಜೇನು, ಪುನರ್ಪುಳಿ ಎಂದು ಸಣ್ಣ ಘಟಕಗಳು ಏಳುತ್ತಿವೆ. ಸ್ಟೀಲ್ ಪಾತ್ರೆಗೆ ಜನ ಸಾಲ ಮಾಡಿ ಹಣ ಸುರಿಯುತ್ತಾರೆ. ತಗಡಿನ ಹೊಳಪು ನೋಡುತ್ತಾರೆ, ದಪ್ಪ ಕೇಳುತ್ತಾರೆ, ಬೆಸುಗೆಯನ್ನು ಮಾತ್ರ ತಿರುಗಿಸಿ ನೋಡುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಬೆಸುಗೆಗಾರನಾಗಿ ದುಡಿದು ನಿವೃತ್ತನಾದವನು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಾಗಿ ಉತ್ಪಾದನೆ ಶುರು ಮಾಡಿದ ಆ ಜಾಗದಲ್ಲಿ ಮಿಶ್ರಲೋಹದ ಉಕ್ಕೂ ತಯಾರಾಗುತ್ತಿತ್ತು. ಯಾವ ಉಕ್ಕಿಗೆ ಯಾವ ರಾಡ್, ಎಷ್ಟು ಶಾಖ, ಯಾವಾಗ ಕೈ ತೆಗೆಯಬೇಕು ಎನ್ನುವುದನ್ನು ಹಿರಿಯರು ಬೈದು ಕಲಿಸಿದ ಕಾಲ ಅದು. ಈಗಲೂ ಯಾರ ಮನೆಯಲ್ಲಿ ಸ್ಟೀಲ್ ಪಾತ್ರೆ ಕಂಡರೂ ನನ್ನ ಕೈ ಮೊದಲು ಹೋಗುವುದು ಒಳಗಿನ ಜೋಡಿನ ಕಡೆಗೆ.

ತಂಗಿಯ ಹಳೆಯ ಕೊಪ್ಪರಿಗೆ ಬೇರೊಂದು ಕಡೆ ಮಾಡಿಸಿದ್ದು. ತಗಡು 304 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲಿ ಮೋಸವಿರಲಿಲ್ಲ. ಹೊರಗಿನಿಂದ ಬಫಿಂಗ್ ಮಾಡಿ ಕನ್ನಡಿಯ ಹಾಗೆ ಹೊಳೆಸಿ ಕೊಟ್ಟಿದ್ದರು. ಎರಡನೆಯ ಹಂಗಾಮಿನ ಹೊತ್ತಿಗೆ ಒಳಗೆ ತಳದ ಜೋಡಿನ ಗುಂಟ ಕಂದು ಗೆರೆ ಎದ್ದಿತು. ಉಜ್ಜಿದರೆ ಹೋಗುತ್ತದೆ, ಮತ್ತೆ ಉಪ್ಪುನೀರು ಕುದಿಸಿದರೆ ಬರುತ್ತದೆ. ಕೊನೆಗೆ ಒಂದು ಕಡೆ ಸೂಜಿಮೊನೆಯಷ್ಟು ತೂತಾಗಿ ಬೂದಿಯ ಮೇಲೆ ತೊಟ್ಟಿಕ್ಕತೊಡಗಿತು. “ಅಣ್ಣಾ, ಸ್ಟೀಲಿಗೂ ತುಕ್ಕು ಹಿಡಿಯುತ್ತದೆಯೇ?” ಎಂದು ತಂಗಿ ಕೇಳಿದಳು. ಹಿಡಿಯುತ್ತದೆ. ಆದರೆ ಹಿಡಿಯುವ ಜಾಗ ಮೊದಲೇ ಗೊತ್ತಿರುತ್ತದೆ: ಬೆಸುಗೆ, ಅದರ ಅಕ್ಕಪಕ್ಕ, ಅದರ ಹಿಂಬದಿ.

ಉಕ್ಕಿನಲ್ಲಿ ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. 316ರಲ್ಲಿ ಅದರ ಜೊತೆಗೆ 2ರಿಂದ 3 ಪಾಲು ಮಾಲಿಬ್ಡಿನಂ ಬೆರೆಸಿರುತ್ತಾರೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಚುಚ್ಚುವುದಕ್ಕೆ ಹೆಚ್ಚು ತಡೆ ಒಡ್ಡುವುದು ಈ ಮಾಲಿಬ್ಡಿನಂ. ಬೆಸುಗೆಯ ಶಾಖ ಈ ವ್ಯವಸ್ಥೆಯನ್ನು ಎರಡು ರೀತಿಯಲ್ಲಿ ಕೆಡಿಸುತ್ತದೆ. ತಗಡು 450ರಿಂದ 850 ಡಿಗ್ರಿಯ ನಡುವೆ ಹೆಚ್ಚು ಹೊತ್ತು ನಿಂತರೆ ಒಳಗಿನ ಇಂಗಾಲ ಕ್ರೋಮಿಯಂ ಅನ್ನು ಎಳೆದುಕೊಂಡು ಕಾರ್ಬೈಡ್ ಆಗುತ್ತದೆ, ಕಣಗಳ ಅಂಚಿನಲ್ಲಿ ಕ್ರೋಮಿಯಂ ಬಡವಾಗುತ್ತದೆ. ಇದು ಒಂದು. ಇದಕ್ಕೆ ಇಂಗಾಲ ಶೇಕಡಾ 0.03 ಮೀರದ 304ಎಲ್, 316ಎಲ್ ತಗಡುಗಳೇ ಮದ್ದು. ಎರಡನೆಯದು ನಮ್ಮ ಕಡೆ ನಿತ್ಯ ಕಾಣುವಂಥದ್ದು: ಕೆಂಪಗೆ ಕಾದ ಲೋಹಕ್ಕೆ ಗಾಳಿ ತಾಗಿ ಮೇಲೆ ಬಣ್ಣ ಕೂರುತ್ತದೆ. ಹುಲ್ಲಿನ ತೆಳು ಹಳದಿಯಾದರೆ ಪದರ ತೆಳು. ನೀಲಿ, ಬೂದು, ಕಪ್ಪು ಎಂದು ಹೋದಷ್ಟೂ ಪದರ ದಪ್ಪ, ಅದರ ಕೆಳಗಿನ ಲೋಹದಲ್ಲಿ ಕ್ರೋಮಿಯಂ ಕಡಿಮೆ. ಉಪ್ಪು ಮೊದಲು ಬಾಯಿ ಹಾಕುವುದು ಅಲ್ಲಿಗೇ.

ಹೊಸ ಕೊಪ್ಪರಿಗೆಗೆ ಆರ್ಡರ್ ಕೊಡುವ ಮೊದಲು ನಾನು ಮೂರು ಕಡೆ ಮೂರು ಬಗೆಯಲ್ಲಿ ಮಾದರಿ ತುಂಡು ಬೆಸೆಸಿಕೊಂಡೆ. ಒಂದೇ ತಗಡಿನಿಂದ ಕತ್ತರಿಸಿದ, ಮೂರು ಮಿಲಿಮೀಟರ್ ದಪ್ಪದ ತುಂಡುಗಳು. ತಾಲ್ಲೂಕು ಕೇಂದ್ರದ ಒಂದು ಅಂಗಡಿಯಲ್ಲಿ ರಾಡ್ ವೆಲ್ಡಿಂಗ್, ಮಾಚೇನಹಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ನಮ್ಮವರು ‘ಸಿಓಟು’ ಎಂದು ಕರೆಯುವ ತಂತಿಯ ವೆಲ್ಡಿಂಗ್, ಸಾಗರ ರಸ್ತೆಯ ಈ ವರ್ಕ್‌ಶಾಪಿನಲ್ಲಿ ಆರ್ಗಾನ್ ವೆಲ್ಡಿಂಗ್. ಪುಸ್ತಕದಲ್ಲಿ ಮೊದಲನೆಯದಕ್ಕೆ ಎಸ್‌ಎಂಎಡಬ್ಲ್ಯೂ, ಎರಡನೆಯದಕ್ಕೆ ಮಿಗ್, ಮೂರನೆಯದಕ್ಕೆ ಟಿಗ್ ಎಂದು ಬರೆದಿರುತ್ತದೆ. ಮೂರರಲ್ಲೂ ಲೋಹ ಕರಗಿಸುವುದು ವಿದ್ಯುತ್ತಿನ ಆರ್ಕ್, ಅಂದರೆ ಎಡೆಬಿಡದ ಕಿಡಿ. ಕರಗಿದ ಲೋಹವನ್ನು ಗಾಳಿಯಿಂದ ಕಾಯುವ ಬಗೆ ಬೇರೆ: ರಾಡಿನಲ್ಲಿ ಅದರ ಮೇಲಿನ ಲೇಪ, ಉಳಿದೆರಡರಲ್ಲಿ ಸಿಲಿಂಡರಿನ ಅನಿಲ.

ಮೊದಲು ಬಲದ ಮಾತು. ‘ಆರ್ಗಾನ್ ಬೆಸುಗೆ ಗಟ್ಟಿ, ರಾಡ್ ಬೆಸುಗೆ ಬಿಟ್ಟುಕೊಳ್ಳುತ್ತದೆ’ ಎಂಬ ಮಾತನ್ನು ಅಂಗಡಿಯವರೇ ಹೇಳುತ್ತಾರೆ. ಅದು ನಿಜವಲ್ಲ. 304ಎಲ್ ತಗಡಿಗೆ ಇರಬೇಕಾದ ಕನಿಷ್ಠ ಎಳೆತದ ಬಲ 485 ಮೆಗಾಪ್ಯಾಸ್ಕಲ್. ಅದಕ್ಕೆ ಬಳಸುವ 308ಎಲ್ ರಾಡಿನ ಬೆಸುಗೆ ಲೋಹಕ್ಕೆ ಮಾನದಂಡ ಕೇಳುವುದೇ ಕನಿಷ್ಠ 520. ಅಂದರೆ ಬೆಸುಗೆ ತಗಡಿಗಿಂತ ಬಲವಾಗಿಯೇ ಇರುತ್ತದೆ. ಮೂರೂ ತುಂಡುಗಳನ್ನು ವೈಸಿಗೆ ಸಿಕ್ಕಿಸಿ, ಬೆಸುಗೆಯ ಮೇಲೆಯೇ ಮಡಿಕೆ ಬೀಳುವಂತೆ ಸುತ್ತಿಗೆಯಿಂದ ಬಡಿದು ಬಾಗಿಸಿದೆ. ರಾಡಿನದೂ ಆರ್ಗಾನಿನದೂ ಪೂರ್ತಿ ಮಡಚಿಕೊಂಡರೂ ಬಿರುಕು ಬಿಡಲಿಲ್ಲ. ತಂತಿಯ ತುಂಡು ಮಾತ್ರ ಒಂದು ಅಂಚಿನಲ್ಲಿ ಬಾಯಿಬಿಟ್ಟಿತು. ನೋಡಿದರೆ ಅಲ್ಲಿ ತಗಡಿನ ಅಂಚು ಕರಗಿಯೇ ಇರಲಿಲ್ಲ, ಲೋಹ ಮೇಲೆ ಕುಳಿತಿತ್ತಷ್ಟೇ. ಅದು ಆ ವಿಧಾನದ ದೋಷವಲ್ಲ. ಆ ಮೆಷಿನ್ನಿನಲ್ಲಿ ಬೆಸುಗೆ ಸರಸರನೆ ಬೀಳುತ್ತದೆ, ಕೈಯೂ ಅವಸರ ಕಲಿಯುತ್ತದೆ. ಮೇಜಿನ ಕಾಲು, ಕಟಾಂಜನ, ಮೆಟ್ಟಿಲಿನ ಕೈಹಿಡಿ ಇಂಥವುಗಳಿಗೆ ಒಳ್ಳೆಯ ಕೈಯಲ್ಲಿರುವ ತಂತಿಯ ಬೆಸುಗೆ ಧಾರಾಳವಾಗಿ ಸಾಕು, ಅಗ್ಗವೂ ಹೌದು. ಬಲದ ಹೆಸರಿನಲ್ಲಿ ಯಾರೂ ಹೆಚ್ಚಿನ ಹಣ ಕೊಡಬೇಕಾಗಿಲ್ಲ.

ತುಕ್ಕಿನ ಲೆಕ್ಕವೇ ಬೇರೆ. ಒಂದೊಂದು ಬಗೆಯಲ್ಲೂ ಎರಡೆರಡು ತುಂಡು ಇಟ್ಟುಕೊಂಡು, ಒಂದನ್ನು ಬೆಸೆದ ಹಾಗೆಯೇ ಬಿಟ್ಟೆ, ಇನ್ನೊಂದಕ್ಕೆ ಬೆಸುಗೆಯ ಬಣ್ಣ ತೆಗೆಯುವ ಆಮ್ಲದ ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆಸಿದೆ. ಆರ್ಗಾನಿನಲ್ಲಿ ಮಾತ್ರ ಇನ್ನೊಂದು ಭೇದ ಮಾಡಿಸಿದೆ: ಹಿಂಬದಿಗೂ ಆರ್ಗಾನ್ ಬಿಟ್ಟು ಬೆಸೆದದ್ದು, ಬಿಡದೆ ಬೆಸೆದದ್ದು. ಎಲ್ಲವನ್ನೂ ತಂಗಿಯ ಅಡುಗೆಮನೆಯ ಹಿಂದಿನ ಚಪ್ಪರದಲ್ಲಿ, ಮಿಡಿಗೆ ಹಾಕುವಷ್ಟೇ ಕಟುವಾದ ಉಪ್ಪುನೀರಿನಲ್ಲಿ ಅರ್ಧ ಮುಳುಗಿಸಿ ಮಳೆಗಾಲ ಪೂರ್ತಿ ಇಟ್ಟೆವು. ನೀರಿನ ಗೆರೆ ಬೆಸುಗೆಯ ಮೇಲೆಯೇ ಹಾಯುವಂತೆ ನೋಡಿಕೊಂಡೆ, ಏಕೆಂದರೆ ಉಪ್ಪು ಒಣಗುತ್ತ ತೋಯುತ್ತ ಇರುವ ಆ ಗೆರೆಯಲ್ಲೇ ಕೊರೆತ ಜೋರು.

ಮಳೆ ನಿಂತ ಮೇಲೆ ತೆಗೆದು ನೋಡಿದಾಗ ಕಂಡದ್ದು ಇದು. ತೊಳೆಯದ ರಾಡ್ ತುಂಡಿನಲ್ಲಿ ಸ್ಲ್ಯಾಗ್ (ರಾಡಿನ ಲೇಪ ಕರಗಿ ಗಟ್ಟಿಯಾದ ಕಿಟ್ಟ) ಉಳಿದ ಸಂದುಗಳಲ್ಲಿ, ಕಿಡಿ ಸಿಡಿದು ಅಂಟಿದ ಚುಕ್ಕೆಗಳ ಬುಡದಲ್ಲಿ ತುಕ್ಕು ಕೂತಿತ್ತು. ಅದೇ ರಾಡಿನ ತೊಳೆದ ತುಂಡು ಹೆಚ್ಚುಕಡಿಮೆ ಶುಭ್ರವಾಗಿತ್ತು. ತಂತಿಯ ತುಂಡಿನಲ್ಲಿ ತೊಳೆದದ್ದಕ್ಕೂ ಕಂದು ಬಣ್ಣ ಬಂದಿತ್ತು. ಅವರು ಸಾದಾ ಕಬ್ಬಿಣಕ್ಕೆ ಬಳಸುವ ಶುದ್ಧ ಇಂಗಾಲದ ಡೈಆಕ್ಸೈಡಿನ (ಸಿಓಟು) ಸಿಲಿಂಡರನ್ನೇ ಇದಕ್ಕೂ ಜೋಡಿಸಿದ್ದರು. ಆ ಅನಿಲ ಆರ್ಕಿನಲ್ಲಿ ಒಡೆದು ಬೆಸುಗೆಗೆ ಇಂಗಾಲ ಸೇರಿಸುತ್ತದೆ, ಕಡಿಮೆ ಇಂಗಾಲದ ತಂತಿಗೆ ಕೊಟ್ಟ ಹಣ ಅಲ್ಲಿಗೆ ವ್ಯರ್ಥ. ಸ್ಟೇನ್‌ಲೆಸ್ಸಿಗೆ ಬೇಕಾದದ್ದು ಆರ್ಗಾನಿನಲ್ಲಿ ನೂರಕ್ಕೆ 2 ಪಾಲಿನ ಆಸುಪಾಸು ಆಮ್ಲಜನಕ ಅಥವಾ ಇಂಗಾಲದ ಡೈಆಕ್ಸೈಡ್ ಬೆರೆಸಿದ ಅನಿಲ. ತಂತಿಯ ವೆಲ್ಡಿಂಗ್ ಮಾಡಿಸುವವರು ಸಿಲಿಂಡರಿನಲ್ಲಿ ಏನಿದೆ ಎಂದು ಕೇಳಲೇಬೇಕು.

ಇನ್ನು ಆರ್ಗಾನ್. ಹಿಂಬದಿಗೂ ಅನಿಲ ಬಿಟ್ಟು ಬೆಸೆದು, ತೊಳೆದ ತುಂಡು ಎಲ್ಲಕ್ಕಿಂತ ಚೆನ್ನಾಗಿತ್ತು. ಬೆಸುಗೆ ಎಲ್ಲಿದೆಯೆಂದು ಬೆರಳಿನಿಂದ ಹುಡುಕಬೇಕಿತ್ತು. ಹಿಂಬದಿಗೆ ಅನಿಲ ಬಿಡದ ತುಂಡಿನ ಮುಂಭಾಗ ಅಷ್ಟೇ ಚಂದ, ಮೀನಿನ ಹುರುಪೆಯಂಥ ಸಾಲು. ತಿರುಗಿಸಿದರೆ ಹಿಂದೆ ಬೇರು, ಅಂದರೆ ಬೆಸುಗೆಯ ತಳ, ಉಬ್ಬಿ, ಒರಟೊರಟಾಗಿ, ಕಪ್ಪಗೆ ಸೀದುಹೋಗಿತ್ತು. ಆ ಒರಟಿನ ನಡುವೆಲ್ಲ ತುಕ್ಕು. ಪೇಸ್ಟ್ ಹಚ್ಚಿ ತೊಳೆದರೂ ಅದು ಸರಿಯಾಗಿರಲಿಲ್ಲ, ಏಕೆಂದರೆ ಅಲ್ಲಿ ಬಣ್ಣ ಮಾತ್ರವಲ್ಲ, ಲೋಹವೇ ಸಂದುಗೊಂದಾಗಿತ್ತು. ಇದನ್ನು ಒತ್ತಿ ಹೇಳುತ್ತೇನೆ: ಚೆನ್ನಾಗಿ ತೊಳೆದ ರಾಡ್ ಬೆಸುಗೆ, ಹಿಂಬದಿ ಕಾಯದ ಆರ್ಗಾನ್ ಬೆಸುಗೆಗಿಂತ ಉಪ್ಪುನೀರಿನಲ್ಲಿ ಮೇಲಾಗಿ ನಿಂತಿತು. ತಂಗಿಯ ಹಳೆಯ ಕೊಪ್ಪರಿಗೆಯೂ ಆರ್ಗಾನಿನಲ್ಲಿ ಬೆಸೆದದ್ದೇ. ಹೊರಗಿನಿಂದ ಬೆಸೆದಿದ್ದರು, ಒಳಗೆ ಬೇರು ಸೀದಿತ್ತು, ಅದರ ಮೇಲೆ ಗ್ರೈಂಡರ್ ಆಡಿಸಿ ಮುಚ್ಚಿದ್ದರು. ‘ಆರ್ಗಾನ್ ವೆಲ್ಡಿಂಗ್’ ಎಂದು ಬಿಲ್ಲಿನಲ್ಲಿ ಬರೆದ ಮಾತ್ರಕ್ಕೆ ಏನೂ ಆಗುವುದಿಲ್ಲ.

ಸಾಗರ ರಸ್ತೆಯ ಅಂಗಡಿಯಲ್ಲಿ ನನಗೆ ಮೆಚ್ಚಿಗೆಯಾದದ್ದು ಇದೇ ಕಾರಣಕ್ಕೆ. ಮಾದರಿ ತುಂಡಿನ ಮಾತು ತೆಗೆದ ಕೂಡಲೇ ಮಾಲೀಕರು “ಪರ್ಜಿಂಗ್ ಮಾಡಿ ಕೊಡಬೇಕೇ ಸರ್?” ಎಂದು ತಾವೇ ಕೇಳಿದರು. ಹಿಂಬದಿಗೂ ಅನಿಲ ಬಿಡುವುದಕ್ಕೆ ಕಸುಬಿನ ಹೆಸರು ಅದು. ಶಿವಮೊಗ್ಗ ಸೀಮೆಯಲ್ಲಿ ಆ ಪ್ರಶ್ನೆಯನ್ನು ಗಿರಾಕಿಗೆ ಕೇಳುವವರು ಅಪರೂಪ. ಅಗಲ ಬಾಯಿಯ ಪಾತ್ರೆಗೆ ಪೂರ್ತಿ ಅನಿಲ ತುಂಬಲಾಗದು. ಅದಕ್ಕೆ ಅವರು ತಾಮ್ರದ ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದಾರೆ. ಪಟ್ಟಿಯ ಉದ್ದಕ್ಕೂ ನಡುವೆ ತೋಡು ಕೊರೆದಿದೆ, ತೋಡಿನಲ್ಲಿ ಸಾಲಾಗಿ ಸಣ್ಣ ತೂತು, ಒಂದು ತುದಿಯಲ್ಲಿ ಅನಿಲದ ಕೊಳವೆ. ಅದನ್ನು ಒಳಬದಿಯ ಜೋಡಿಗೆ ಒತ್ತಿ ನಿಲ್ಲಿಸಿ, ಅಂಚುಗಳಿಗೆ ಅಲ್ಯೂಮಿನಿಯಂ ಟೇಪು ಅಂಟಿಸಿ, ಅನಿಲ ಬಿಟ್ಟು ಕಾಯುತ್ತಾರೆ. ಬೆಸೆಯುವ ಹುಡುಗ ಇಪ್ಪತ್ತೈದರ ಪ್ರಾಯದವನು. ಗಡಿಯಾರ ನೋಡುತ್ತ ಕೈ ಕಟ್ಟಿ ನಿಂತಿದ್ದ. “ಏನು ಕಾಯುತ್ತಿದ್ದೀಯಪ್ಪಾ?” ಎಂದೆ. “ಗಾಳಿ ಪೂರ್ತಿ ಹೊರಗೆ ಹೋಗಬೇಕು ಸರ್” ಎಂದ. ಅಷ್ಟು ತಾಳ್ಮೆಯನ್ನು ಕಲಿಸಿದ ಮಾಲೀಕರಿಗೆ ನನ್ನ ಮರ್ಯಾದೆ ಸಲ್ಲುತ್ತದೆ, ಏಕೆಂದರೆ ಆ ನಿಮಿಷಗಳಲ್ಲಿ ಹೋಗುವುದು ಅವರ ದುಡ್ಡೇ. ಏಳು ಘನ ಮೀಟರಿನ ಒಂದು ಸಿಲಿಂಡರ್, ನಿಮಿಷಕ್ಕೆ ಹತ್ತು ಲೀಟರಿನಂತೆ ಬಿಟ್ಟರೆ, ಹನ್ನೆರಡು ಗಂಟೆ ಕೂಡ ಬಾರದು. ಹಿಂಬದಿಗೂ ಬಿಟ್ಟರೆ ಅದರಲ್ಲೂ ಪಾಲು.

ಅವನ ಕೈಯನ್ನು ಹತ್ತಿರದಿಂದ ನೋಡಿದೆ. ಆರ್ಕ್ ಹೊರಡುವ ಟಂಗ್‌ಸ್ಟನ್ ಮೊನೆಯನ್ನು ಉದ್ದಗೆರೆ ಬರುವಂತೆ ಸಾಣೆ ಹಿಡಿದು ಚೂಪು ಮಾಡಿದ, ಅಡ್ಡಗೆರೆ ಬೀಳಲು ಬಿಡಲಿಲ್ಲ. ಕರೆಂಟು ನೂರು ಆಂಪಿಯರಿನ ಆಸುಪಾಸು. ಜೋಡಿಗೆ ತುಂಬುವ 316ಎಲ್ ಫಿಲ್ಲರ್ ತಂತಿಯ ಬಿಸಿ ತುದಿಯನ್ನು ಒಮ್ಮೆಯೂ ಅನಿಲದ ಮುಸುಕಿನಿಂದ ಆಚೆ ಎಳೆಯಲಿಲ್ಲ. ಗೆರೆ ಮುಗಿದ ಮೇಲೆ ಟಾರ್ಚನ್ನು ಅಲ್ಲೇ ಹಿಡಿದು, ಕೆಂಪು ಆರುವವರೆಗೂ ಅನಿಲ ಹರಿಯಲು ಬಿಟ್ಟ. ಒಂದು ಗೇಣು ಬೆಸೆದ ಮೇಲೆ ಎದುರು ಬದಿಗೆ ಹೋಗಿ ಇನ್ನೊಂದು ಗೇಣು. ಈ ಜಾತಿಯ ಉಕ್ಕು ಶಾಖವನ್ನು ಸಾದಾ ಕಬ್ಬಿಣದ ಮೂರನೆಯ ಒಂದು ಪಾಲಿನಷ್ಟೇ ಹಾಯಿಸುತ್ತದೆ, ಹಿಗ್ಗುವುದು ಮಾತ್ರ ಒಂದೂವರೆ ಪಟ್ಟು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ತಳ ಸೊಟ್ಟಗಾಗಿ ಎದ್ದುಬಿಡುತ್ತದೆ. ನಮ್ಮ ಕೊಪ್ಪರಿಗೆಯ ತಳಕ್ಕೆ ಮಟ್ಟಗೋಲು ಇಟ್ಟು ನೋಡಿದೆ, ಕಾಗದ ತೂರಲಿಲ್ಲ.

ಇನ್ನೊಂದು ಜಾಣ್ಮೆಯನ್ನು ಹೇಳಲೇಬೇಕು. ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಅವರು ಬೆಸುಗೆ ಹಾಕಲೇ ಇಲ್ಲ. ತಳದ ತಗಡಿನ ಅಂಚನ್ನೇ ದುಂಡಗೆ ಮೇಲಕ್ಕೆ ಬಗ್ಗಿಸಿ, ಎರಡು ಬೆರಳು ಎತ್ತರದಲ್ಲಿ ಗೋಡೆಗೆ ಜೋಡಿಸಿದ್ದಾರೆ. ಉಪ್ಪು ಕೂರುವ ಮೂಲೆ ಇಲ್ಲ, ಕೈ ಸಲೀಸಾಗಿ ಜಾರುತ್ತದೆ. ತಂಗಿ ಮೊದಲು ಗಮನಿಸಿದ್ದೇ ಅದನ್ನು. ತೊಳೆಯುವ ಹೆಂಗಸರ ಉಗುರಿನ ಸಂದು ಉಳಿಯಿತು ಎಂದಳು.

ಬೆಸೆದ ಮೇಲಿನ ಕೆಲಸಕ್ಕೂ ಅವರು ಅಷ್ಟೇ ಗಮನ ಕೊಡುತ್ತಾರೆ. ಸ್ಟೀಲಿಗೆ ಬೇರೆ ಗ್ರೈಂಡಿಂಗ್ ವೀಲ್, ಬೇರೆ ಬ್ರಷ್. ಅವುಗಳ ಹಿಡಿಗೆ ಹಸಿರು ಬಣ್ಣ ಬಳಿದಿದ್ದಾರೆ. ಕಬ್ಬಿಣ ಉಜ್ಜಿದ ಬ್ರಷ್ಷಿನಿಂದ ಸ್ಟೀಲ್ ಉಜ್ಜಿದರೆ ಕಬ್ಬಿಣದ ಪುಡಿ ಅಂಟಿ, ಮೊದಲ ಮಳೆಗೇ ಕೆಂಪು ಚುಕ್ಕೆ ಏಳುತ್ತದೆ. ಪಿಕ್ಲಿಂಗ್ ಪೇಸ್ಟಿನಲ್ಲಿ ನೈಟ್ರಿಕ್ ಆಮ್ಲದ ಜೊತೆ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ತಾಗಿದರೆ ಎಲುಬಿನವರೆಗೂ ಇಳಿಯುವ ವಿಷ ಅದು. ಎಷ್ಟೋ ಕಡೆ ಬರಿಗೈಯಲ್ಲಿ ಹಚ್ಚುವುದನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ಇಲ್ಲಿ ಮೊಣಕೈವರೆಗಿನ ರಬ್ಬರ್ ಗವಸು, ಮುಖಕ್ಕೆ ಪರದೆ, ಗೋಡೆಯ ಕಪಾಟಿನಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಮುಲಾಮಿನ ಟ್ಯೂಬ್. ತೊಳೆದ ನೀರನ್ನು ಚರಂಡಿಗೆ ಬಿಡದೆ ಸುಣ್ಣ ಹಾಕಿದ ತೊಟ್ಟಿಗೆ ಬಿಡುತ್ತಾರೆ. ಕೊನೆಯ ತೊಳೆತದ ನೀರಿಗೆ ಲಿಟ್ಮಸ್ ಕಾಗದ ಅದ್ದಿ, ಬಣ್ಣ ತಿರುಗದ್ದನ್ನು ನಮಗೂ ತೋರಿಸಿದರು. ಅಡುಗೆಯ ಪಾತ್ರೆಗೆ ಇದು ಬೇಕೇ ಬೇಕು.

ಹಾಗೆಂದು ಎಲ್ಲವೂ ಸರಿಯಿರಲಿಲ್ಲ. ತಳದ ನೀರು ಬಿಡುವ ಕೊಳವೆಯ ಜೋಡಿಗೆ, ಸಂದು ಪತ್ತೆ ಹಚ್ಚುವ ಕೆಂಪು ದ್ರವ ಸಿಂಪಡಿಸಿ ಒರೆಸಿ, ಬಿಳಿ ಪುಡಿ ಹಾರಿಸಿ ನೋಡಿದಾಗ ಕೂದಲೆಳೆಯ ಕೆಂಪು ಗೆರೆ ಮೂಡಿತು. ಬೇರಿನವರೆಗೂ ಲೋಹ ಇಳಿದಿರಲಿಲ್ಲ. ಮಾಲೀಕರು ವಾದ ಮಾಡಲಿಲ್ಲ, ಕೊಳವೆಯನ್ನೇ ಕತ್ತರಿಸಿ ತೆಗೆದು ಮತ್ತೆ ಬೆಸೆದರು. ಆದರೆ ಆ ಕೊಳವೆಗೆ ತಿರುಪಿನ ನಲ್ಲಿ ಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಹೆಸರು ಮಾಡಿದ ಅಂಗಡಿ, ತಿರುಪಿನ ಸಂದಿನಲ್ಲಿ ಉಪ್ಪು ಕೂತು ಕೊರೆಯುತ್ತದೆಂದು ಅವರಿಗೆ ಗೊತ್ತಿರಬೇಕಿತ್ತು. ಹಾಲಿನ ಡೇರಿಗಳಲ್ಲಿ ಬಳಸುವ, ಬಿಚ್ಚಿ ತೊಳೆಯಬಹುದಾದ ಕ್ಲ್ಯಾಂಪ್ ಕೊಡಬೇಕಿತ್ತು. ಇನ್ನು ಶೆಡ್ಡಿನಲ್ಲಿ ಹೊಗೆ ಎಳೆಯುವ ಫ್ಯಾನ್ ಇಲ್ಲ. ಆರ್ಗಾನ್ ಕೆಲಸದಲ್ಲಿ ಹೊಗೆ ಕಡಿಮೆ, ನಿಜ. ಆದರೆ ಸ್ಟ್ಯಾಂಡುಗಳನ್ನು ಅವರೂ ರಾಡಿನಲ್ಲೇ ಬೆಸೆಯುತ್ತಾರೆ. ಆ ಹೊಗೆಯಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಹುಡುಗರ ಶ್ವಾಸಕೋಶಕ್ಕೆ ಒಂದು ಫ್ಯಾನು ದುಬಾರಿಯಲ್ಲ ಎಂದು ಮಾಲೀಕರಿಗೆ ಹೇಳಿ ಬಂದಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ.

ಮೇಜು ಮತ್ತು ತೊಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ 304ಎಲ್, ಅಚ್ಚುಕಟ್ಟಾಗಿವೆ. ತೊಟ್ಟಿಯ ಕೆಳಗಿನ ಸ್ಟ್ಯಾಂಡು ಸಾದಾ ಕಬ್ಬಿಣದ್ದು. ಸ್ಟೀಲಿಗೆ ಕಬ್ಬಿಣ ಜೋಡಿಸುವಲ್ಲಿ 309ಎಲ್ ರಾಡ್ ಬಳಸಿದ್ದಾರೆ, ಅದೇ ಸರಿ. ಅಲ್ಲಿಗೆ 308 ಸಾಲದು, ಕಬ್ಬಿಣ ಬೆರೆತು ಬೆಸುಗೆ ಬಿರುಸಾಗುತ್ತದೆ.

ದರದ ಮಾತಿಗೆ ಬಂದರೆ, ರಾಡ್ ಕೆಲಸಕ್ಕೆ ತಾಲ್ಲೂಕಿನ ಅಂಗಡಿ ಹೇಳಿದ್ದರ ಒಂದೂವರೆ ಪಟ್ಟು ಕೂಲಿ ಇಲ್ಲಿ. ಕೊಪ್ಪರಿಗೆಗೆ ಹಾಕಿಸಿದ 316ಎಲ್ ತಗಡಿನ ಬೆಲೆ ಅದರ ಮೇಲೆ. ಹಾಗಾಗಿ ಎಲ್ಲ ಪಾತ್ರೆಗೂ ಇದು ಬೇಡ. ನೀರಿನ ಟ್ಯಾಂಕು, ಅಕ್ಕಿ ತೊಳೆಯುವ ತೊಟ್ಟಿಗೆ 304ಎಲ್ ತಗಡು, ಚೆನ್ನಾಗಿ ತೊಳೆದ ರಾಡ್ ಬೆಸುಗೆ ಬಾಳಿಕೆ ಬರುತ್ತದೆ. ಒಂದೇ ಎಚ್ಚರಿಕೆ: ಮಲೆನಾಡಿನ ಮಳೆಗಾಲದಲ್ಲಿ ರಾಡಿನ ಲೇಪ ತೇವ ಹೀರುತ್ತದೆ, ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ. ರಾಡ್ ಕಾಯಿಸುವ ಓವನ್ ಇಲ್ಲದ ಅಂಗಡಿಗೆ ಆಷಾಢದಲ್ಲಿ ಆ ಕೆಲಸ ಕೊಡಬೇಡಿ. ಮನೆಯಂಗಳದಲ್ಲೇ ನಿಂತು ಬೆಸೆಯಬೇಕಾದ ಕೆಲಸಕ್ಕೆ ಮಾತ್ರ ರಾಡೇ ಗತಿ, ಗಾಳಿ ಬೀಸಿದರೆ ಆರ್ಗಾನ್ ನಿಲ್ಲುವುದಿಲ್ಲ. ಇನ್ನು ಮಿಡಿಯನ್ನು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಡುವುದಕ್ಕೆ 316ಎಲ್ ಕೂಡ ಬೇಡ. ಅಷ್ಟು ಕಟು ಉಪ್ಪು ಅದನ್ನೂ ನಿಧಾನವಾಗಿ ಚುಚ್ಚುತ್ತದೆ. ಅಜ್ಜಿಯ ಕಾಲದ ಭರಣಿ, ಅದಿಲ್ಲವಾದರೆ ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ ಸರಿ. ಸ್ಟೀಲ್ ಕೊಪ್ಪರಿಗೆಯಲ್ಲಿ ಕುದಿಸಿ, ಆರಿಸಿ, ಬಸಿದುಕೊಂಡು, ಅದೇ ದಿನ ಸಿಹಿನೀರಿನಲ್ಲಿ ತೊಳೆದು ಒಣಗಿಸಿಡಬೇಕು. ತಂಗಿ ಹಾಗೆಯೇ ಮಾಡುತ್ತಿದ್ದಾಳೆ; ಒಂದು ಹಂಗಾಮು ದಾಟಿದೆ, ಜೋಡಿನ ಗುಂಟ ಬಟ್ಟೆ ಒರೆಸಿದರೆ ಬಿಳಿಯಾಗಿಯೇ ಬರುತ್ತದೆ.

ಮಾಡಿಸುವವರು ತಗಡಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಆಯಸ್ಕಾಂತ ಹಿಡಿದು ನೋಡಿದರೆ ಸಾಲದು, ಅಗ್ಗದ 202 ದರ್ಜೆಗೂ ಆಯಸ್ಕಾಂತ ಅಂಟುವುದಿಲ್ಲ. ಪಾತ್ರೆ ಒಪ್ಪಿಕೊಳ್ಳುವಾಗ ಮೊಬೈಲ್ ಟಾರ್ಚ್ ಹಿಡಿದು ತಲೆ ಒಳಗೆ ಹಾಕಿ, ಬಫಿಂಗ್ ಆಗುವ ಮೊದಲೇ ಬೇರನ್ನು ನೋಡಿ. ಈ ಅಂಗಡಿಯವರು ಅದಕ್ಕೆ ಬೇಸರಪಡುವುದಿಲ್ಲ, ತಾವೇ ಕರೆದು ತೋರಿಸುತ್ತಾರೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಬೇಯಿಸುವ ಹಂಡೆಗಳ ಕೆಲಸ ಮುಗಿಬಿದ್ದು, ಅವರು ಕೊಟ್ಟ ದಿನಾಂಕ ತಪ್ಪುತ್ತದೆ. ನಮಗೆ ತಡವಾದದ್ದೂ ಅದಕ್ಕೇ. ಮಿಡಿಯ ಹಂಗಾಮಿಗೆ ಪಾತ್ರೆ ಬೇಕಾದವರು ಮಳೆಗಾಲದಲ್ಲೇ ಹೋಗಿ ಅಳತೆ ಕೊಟ್ಟು ಮುಂಗಡ ಕಟ್ಟಿ ಬನ್ನಿ. ನಲ್ಲಿಗೆ ಕ್ಲ್ಯಾಂಪೇ ಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ.